ವಿಮಾನವಿದ್ಯೆಯ ಮೊದಲ ಪಾಠಗಳು ಮತ್ತು ಪ್ರೌಢಶಾಲೆ

ಆಕಾಶದಲ್ಲಿ ವಿಮಾನದ ಸದ್ದು ಕೇಳಿದೊಡನೆ ತಲೆಯೆತ್ತಿ ನೋಡದ ಬಾಲಕ ಬಾಲಕಿಯರು ವಿರಳ. ಅವರು ಹೊಲದಲ್ಲಿರಲಿ, ಶಾಲೆಯ ಬಯಲಿನಲ್ಲಿರಲಿ, ಆ ಕ್ಷಣ ಅವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಅಷ್ಟು ಭಾರವಾದ ವಸ್ತು ಬೀಳದೆ ಹೇಗೆ ನಿಂತಿದೆ? ಶಿಕ್ಷಣದ ದೃಷ್ಟಿಯಿಂದ ಈ ಪ್ರಶ್ನೆಗೆ ದೊಡ್ಡ ಬೆಲೆಯಿದೆ. ಯಾರೂ ಹೇಳಿಕೊಡದೆ, ಪರೀಕ್ಷೆಯ ಭಯವಿಲ್ಲದೆ, ತಾನಾಗಿಯೇ ಹುಟ್ಟಿದ ಪ್ರಶ್ನೆ ಇದು. ಇಂತಹ ಪ್ರಶ್ನೆಗೆ ಶಾಲೆಯಲ್ಲಿ ಉತ್ತರ ದೊರೆಯದೆ ಹೋದರೆ ವಿದ್ಯಾರ್ಥಿಯು ಎರಡು ತಪ್ಪು ತೀರ್ಮಾನಗಳಿಗೆ ಬರುವನು. ಪುಸ್ತಕದ ವಿಜ್ಞಾನಕ್ಕೂ ಕಣ್ಣಿಗೆ ಕಾಣುವ ಜಗತ್ತಿಗೂ ಸಂಬಂಧವಿಲ್ಲವೆಂಬುದು ಒಂದು. ವಿಮಾನವಿದ್ಯೆಯು ಪಟ್ಟಣದವರಿಗೆ, ಇಂಗ್ಲಿಷ್ ಬಲ್ಲವರಿಗೆ ಮಾತ್ರ ಮೀಸಲೆಂಬುದು ಇನ್ನೊಂದು. ಈ ಎರಡನ್ನೂ ನಿವಾರಿಸುವ ಸಾಧನಗಳು ಪ್ರೌಢಶಾಲೆಯ ಪಠ್ಯಕ್ರಮದಲ್ಲಿಯೇ ಇವೆ. ವಾಯುಭಾರ, ಸಾಂದ್ರತೆ, ಬಲ, ನ್ಯೂಟನ್ನನ ನಿಯಮಗಳು, ಕೋನಗಳು, ಅನುಪಾತ ಇವೆಲ್ಲವೂ ಅಲ್ಲಲ್ಲಿ ಬಿಡಿಬಿಡಿಯಾಗಿ ಬಂದೇ ಬರುತ್ತವೆ. ಅವುಗಳನ್ನು ಒಂದೇ ಸೂತ್ರದಲ್ಲಿ ಪೋಣಿಸುವ ವಿಷಯವೇ ವಿಮಾನ.

ಗಾಳಿಗೂ ತೂಕವುಂಟು

ಮೊದಲ ಪಾಠವು ಗಾಳಿಯಿಂದ ಆರಂಭವಾಗತಕ್ಕದ್ದು. ಗಾಳಿ ಎಂದರೆ ಏನೂ ಇಲ್ಲದ ಬಯಲು ಎಂಬ ಭಾವನೆ ಮಕ್ಕಳಲ್ಲಿ ಬಲವಾಗಿರುತ್ತದೆ. ಹತ್ತು ಮೀಟರ್ ಉದ್ದ, ಆರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ತರಗತಿಯ ಕೋಣೆಯಲ್ಲಿ ತುಂಬಿರುವ ಗಾಳಿಯ ತೂಕವೆಷ್ಟೆಂದು ಕೇಳಿದರೆ ಕೆಲವರು ಸೊನ್ನೆಯೆನ್ನುವರು, ಕೆಲವರು ನೂರು ಗ್ರಾಂ ಎನ್ನುವರು. ಸಮುದ್ರಮಟ್ಟದಲ್ಲಿ ಒಂದು ಘನಮೀಟರ್ ಗಾಳಿಯ ತೂಕ ಸುಮಾರು 1.2 ಕಿಲೋಗ್ರಾಂ. ಕೋಣೆಯ ಗಾತ್ರ 180 ಘನಮೀಟರ್. ಆದುದರಿಂದ ಬರಿದೆಂದು ತೋರುವ ಆ ಕೋಣೆಯಲ್ಲಿ ಇನ್ನೂರು ಕಿಲೋಗ್ರಾಮಿಗಿಂತ ಹೆಚ್ಚು, ಎಂದರೆ ಎರಡು ಕ್ವಿಂಟಾಲ್ ಜೋಳದಷ್ಟು ತೂಕದ ಗಾಳಿಯಿದೆ. ಈ ಲೆಕ್ಕವನ್ನು ಮಕ್ಕಳು ತಾವೇ ಮಾಡಿದಾಗ ಅವರ ಮುಖದಲ್ಲಿ ಮೂಡುವ ಬೆರಗೇ ಪಾಠದ ಪೀಠಿಕೆ. ಇಷ್ಟು ತೂಕವುಳ್ಳ ವಸ್ತುವನ್ನು ಆಧಾರವಾಗಿ ಹಿಡಿದು ಮೇಲೇರಬಹುದೆಂಬ ಮಾತು ಇನ್ನು ಅವರಿಗೆ ಅಸಂಭವವೆನಿಸದು.

ರೈತರ ಮಕ್ಕಳಿಗೆ ಕಣವೇ ಪ್ರಯೋಗಶಾಲೆ. ರಾಶಿಯನ್ನು ತೂರುವಾಗ ಕಾಳು ಹತ್ತಿರದಲ್ಲಿಯೇ ಬೀಳುವುದು, ಹೊಟ್ಟು ದೂರಕ್ಕೆ ಹಾರುವುದು. ಬೀಸುವ ಗಾಳಿ ಎರಡಕ್ಕೂ ಒಂದೇ. ತೂಕಕ್ಕೂ ಗಾಳಿಗೆ ಒಡ್ಡಿಕೊಂಡ ಮೈಹರವಿಗೂ ಇರುವ ಪ್ರಮಾಣ ಬೇರೆಯಾದುದರಿಂದ ಪರಿಣಾಮವೂ ಬೇರೆಯಾಯಿತು. ಇದನ್ನೇ ತರಗತಿಯಲ್ಲಿ ಎರಡು ಹಾಳೆಗಳಿಂದ ತೋರಿಸಬಹುದು. ಎ-4 ಅಳತೆಯ ಸಾಮಾನ್ಯ ಹಾಳೆಯ ತೂಕ ಸುಮಾರು 5 ಗ್ರಾಂ. ಒಂದನ್ನು ಮುದ್ದೆ ಮಾಡಿ, ಇನ್ನೊಂದನ್ನು ಹರಡಿದಂತೆಯೇ ಒಂದೇ ಎತ್ತರದಿಂದ ಬಿಟ್ಟರೆ ಮುದ್ದೆ ನೇರವಾಗಿ ಕೆಳಗಿಳಿಯುವುದು, ಹಾಳೆ ತೇಲುತ್ತ ತೊನೆಯುತ್ತ ಇಳಿಯುವುದು. ವಿಮಾನದ ರೆಕ್ಕೆಗೆ ವಿಶಾಲವಾದ ಮೈ ಏಕೆ ಬೇಕೆಂಬುದಕ್ಕೆ ಇಷ್ಟೇ ಸಾಕು.

ನಾಲ್ಕು ಬಲಗಳು

ಹಾರುವ ವಿಮಾನದ ಮೇಲೆ ನಾಲ್ಕು ಬಲಗಳು ವರ್ತಿಸುತ್ತವೆ. ಭೂಮಿ ಕೆಳಗೆಳೆಯುವ ತೂಕ, ರೆಕ್ಕೆ ಮೇಲೆತ್ತುವ ಎತ್ತುಬಲ, ಎಂಜಿನ್ ಮುಂದಕ್ಕೆ ತಳ್ಳುವ ನೂಕುಬಲ, ಗಾಳಿ ಹಿಂದಕ್ಕೆಳೆಯುವ ತಡೆಬಲ. ಒಂದೇ ಎತ್ತರದಲ್ಲಿ, ಒಂದೇ ವೇಗದಲ್ಲಿ ಹಾರುವಾಗ ಎತ್ತುಬಲವು ತೂಕಕ್ಕೆ ಸಮ. ನೂಕುಬಲವು ತಡೆಬಲಕ್ಕೆ ಸಮ. ಬಲವೇ ಇಲ್ಲದೆ ಚಲನೆಯಿಲ್ಲವೆಂದು ನಂಬಿರುವ ವಿದ್ಯಾರ್ಥಿಗೆ, ಬಲಗಳೆಲ್ಲ ಸರಿದೂಗಿದಾಗಲೂ ವಿಮಾನ ಗಂಟೆಗೆ ಎಂಟುನೂರು ಕಿಲೋಮೀಟರ್ ವೇಗದಲ್ಲಿ ಸಾಗಬಲ್ಲುದೆಂಬುದು ನ್ಯೂಟನ್ನನ ಮೊದಲ ನಿಯಮಕ್ಕೆ ಅತ್ಯುತ್ತಮ ನಿದರ್ಶನ.

ಎತ್ತುವ ಕೆಲಸವನ್ನೂ ತಳ್ಳುವ ಕೆಲಸವನ್ನೂ ಬೇರ್ಪಡಿಸಿ ನೋಡಿದವನು ಇಂಗ್ಲೆಂಡಿನ ಸರ್ ಜಾರ್ಜ್ ಕೇಲಿ. ಅದುವರೆಗೆ ಹಾರಲು ಬಯಸಿದವರೆಲ್ಲ ಹಕ್ಕಿಯಂತೆ ರೆಕ್ಕೆ ಬಡಿಯಲು ಯತ್ನಿಸುತ್ತಿದ್ದರು. ರೆಕ್ಕೆ ಸ್ಥಿರವಾಗಿರಲಿ, ಮುಂದೆ ತಳ್ಳುವ ಕೆಲಸವನ್ನು ಬೇರೊಂದು ಸಾಧನ ಮಾಡಲಿ ಎಂಬ ವಿಚಾರವನ್ನು 1799ರಲ್ಲಿಯೇ ಅವನು ಬೆಳ್ಳಿಯ ಬಿಲ್ಲೆಯೊಂದರ ಮೇಲೆ ಕೆತ್ತಿಸಿದನು. ಇಂದಿನ ವಿಮಾನದ ಬೀಜರೂಪವೆಲ್ಲ ಆ ಬಿಲ್ಲೆಯಲ್ಲಿದೆ. ಕಠಿಣವಾದ ಸಮಸ್ಯೆಯನ್ನು ಬಿಡಿಸಬೇಕಾದರೆ ಮೊದಲು ಅದನ್ನು ಭಾಗಗಳಾಗಿ ಬಿಡಿಸಬೇಕೆಂಬ ಗಣಿತದ ಮಾರ್ಗವೂ ಇದೇ ಆಗಿದೆ.

ರೆಕ್ಕೆ ಎತ್ತುವ ಬಗೆ

ಇಲ್ಲಿ ಅಧ್ಯಾಪಕರು ವಿಶೇಷ ಎಚ್ಚರ ವಹಿಸಬೇಕಾಗಿದೆ. ಬಹುಕಾಲದಿಂದ ಅನೇಕ ಪುಸ್ತಕಗಳಲ್ಲಿ ಒಂದು ವಿವರಣೆ ಕಂಡುಬರುತ್ತದೆ. ರೆಕ್ಕೆಯ ಮೇಲ್ಮೈ ಉಬ್ಬಿರುವುದರಿಂದ ಮೇಲಿನ ದಾರಿ ಉದ್ದ. ಮುಂದಿನ ಅಂಚಿನಲ್ಲಿ ಅಗಲಿದ ಗಾಳಿಯ ಕಣಗಳು ಹಿಂದಿನ ಅಂಚಿನಲ್ಲಿ ಒಂದೇ ಕಾಲಕ್ಕೆ ಕೂಡಬೇಕು. ಆದುದರಿಂದ ಮೇಲಿನ ಗಾಳಿ ವೇಗವಾಗಿ ಹರಿಯುವುದು ಎಂಬುದೇ ಆ ವಿವರಣೆ. ಕೇಳಲು ಇದು ಸೊಗಸಾಗಿದೆ, ಆದರೆ ಸತ್ಯವಲ್ಲ. ಅಗಲಿದ ಕಣಗಳು ಒಂದೇ ಕಾಲಕ್ಕೆ ಕೂಡಬೇಕೆಂಬ ನಿಯಮ ಪ್ರಕೃತಿಯಲ್ಲಿ ಇಲ್ಲ. ವಾಯುಸುರಂಗದಲ್ಲಿ ಹೊಗೆಯನ್ನು ಹರಿಸಿ ನೋಡಿದರೆ ಮೇಲಿನ ಗಾಳಿ ಕೆಳಗಿನ ಗಾಳಿಗಿಂತ ಮೊದಲೇ ಹಿಂದಿನ ಅಂಚನ್ನು ಮುಟ್ಟಿರುತ್ತದೆ. ಚಪ್ಪಟೆಯಾದ ರೆಕ್ಕೆಯ ಕಾಗದದ ವಿಮಾನ ಹಾರುವುದು. ಪ್ರದರ್ಶನಗಳಲ್ಲಿ ವಿಮಾನಗಳು ತಲೆಕೆಳಗಾಗಿಯೂ ಹಾರುವುವು. ಮೇಲಿನ ವಿವರಣೆ ನಿಜವಾಗಿದ್ದರೆ ಇವೆರಡೂ ಅಸಾಧ್ಯವಾಗಬೇಕಿತ್ತು.

ಸರಿಯಾದ ವಿವರಣೆ ಹೀಗಿದೆ. ರೆಕ್ಕೆಯು ಮುಂದೆ ಸಾಗುವಾಗ ಎದುರಾಗುವ ಗಾಳಿಗೆ ಸ್ವಲ್ಪ ಕೋನದಲ್ಲಿ ಓರೆಯಾಗಿ ನಿಂತಿರುತ್ತದೆ. ಮೇಲ್ಮೈಯನ್ನೂ ಕೆಳಮೈಯನ್ನೂ ಅನುಸರಿಸಿ ಹರಿದ ಗಾಳಿಯು ಹಿಂದಿನ ಅಂಚನ್ನು ಬಿಡುವಾಗ ಕೆಳಮುಖವಾಗಿ ಬಾಗಿರುತ್ತದೆ. ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳಿತು. ನ್ಯೂಟನ್ನನ ಮೂರನೆಯ ನಿಯಮದಂತೆ ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳಿತು. ಇದೇ ಕ್ರಿಯೆಯನ್ನು ಒತ್ತಡದ ಮೂಲಕವೂ ಹೇಳಬಹುದು: ಮೇಲ್ಮೈಯಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಕಡಿಮೆಯಾಗಿರುತ್ತದೆ, ಕೆಳಗಡೆ ಒತ್ತಡ ಹೆಚ್ಚಾಗಿರುತ್ತದೆ. ಇವು ಒಂದನ್ನೊಂದು ವಿರೋಧಿಸುವ ಎರಡು ಮತಗಳಲ್ಲ; ಒಂದೇ ಸಂಗತಿಯ ಎರಡು ವರ್ಣನೆಗಳು.

ಈ ಒತ್ತಡದ ಅಂತರ ಎಷ್ಟು ದೊಡ್ಡದಿರಬೇಕು? ಏರ್‌ಬಸ್ ಎ-320 ವಿಮಾನ ಹೊರಡುವಾಗಿನ ಗರಿಷ್ಠ ತೂಕ ಸುಮಾರು 78,000 ಕಿಲೋಗ್ರಾಂ. ರೆಕ್ಕೆಗಳ ವಿಸ್ತೀರ್ಣ ಸುಮಾರು 122 ಚದರ ಮೀಟರ್. ಭಾಗಿಸಿದರೆ ಚದರ ಮೀಟರಿಗೆ ಸುಮಾರು 640 ಕಿಲೋಗ್ರಾಂ ಬರುತ್ತದೆ. ಸಮುದ್ರಮಟ್ಟದಲ್ಲಿ ವಾಯುಮಂಡಲವು ಪ್ರತಿ ಚದರ ಮೀಟರಿನ ಮೇಲೆ ಸುಮಾರು 10,300 ಕಿಲೋಗ್ರಾಮಿನ ಭಾರ ಹೇರುತ್ತದೆ. ಎಂದರೆ ರೆಕ್ಕೆಯ ಮೇಲೆ ಕೆಳಗೆ ನೂರರಲ್ಲಿ ಆರು ಪಾಲಿನಷ್ಟು ಒತ್ತಡದ ಅಂತರವಾದರೆ ಸಾಕು, ಅಷ್ಟು ದೊಡ್ಡ ವಿಮಾನ ಮೇಲೇಳುವುದು. ಪವಾಡದಂತೆ ಕಂಡದ್ದು ಒಂದು ಭಾಗಾಕಾರದ ಲೆಕ್ಕಕ್ಕೆ ಇಳಿಯಿತು. ಆದರೂ ಬೆರಗು ಕಡಿಮೆಯಾಗದು. ತಿಳಿದ ಮೇಲೆ ಅದು ಇನ್ನೂ ಹೆಚ್ಚುವುದು.

ತಪ್ಪು ವಿವರಣೆಯಿಂದ ಆಗುವ ಹಾನಿ ಸಾಮಾನ್ಯವಾದುದಲ್ಲ. ಅದನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿ ಪರೀಕ್ಷೆಯಲ್ಲಿ ಅಂಕ ಪಡೆಯಬಹುದು. ಆದರೆ ತಾನು ಮಡಿಸಿದ ಕಾಗದದ ವಿಮಾನ ಅದೇ ಪಾಠವನ್ನು ಸುಳ್ಳುಮಾಡುತ್ತಿರುವುದನ್ನು ಗಮನಿಸದೆ ಹೋಗುವನು. ಕಂಡದ್ದನ್ನು ಬಿಟ್ಟು ಬರೆದದ್ದನ್ನು ನಂಬುವ ಅಭ್ಯಾಸ ಅಲ್ಲಿಂದಲೇ ಬೇರೂರುವುದು.

ಕೋನದ ಮಿತಿ

ರೆಕ್ಕೆ ಗಾಳಿಗೆ ಒಡ್ಡುವ ಕೋನ ಹೆಚ್ಚಿದಂತೆ ಎತ್ತುಬಲ ಹೆಚ್ಚುವುದು. ಆದರೆ ಅದಕ್ಕೆ ಮಿತಿಯುಂಟು. ಸಾಮಾನ್ಯವಾದ ರೆಕ್ಕೆಯಲ್ಲಿ ಸುಮಾರು 15 ಡಿಗ್ರಿಯ ಆಚೆಗೆ ಗಾಳಿಯು ಮೇಲ್ಮೈಯನ್ನು ಅನುಸರಿಸಲಾರದೆ ಕಿತ್ತುಹೋಗಿ ಸುಳಿಗಳಾಗುವುದು. ಎತ್ತುಬಲ ಥಟ್ಟನೆ ಕುಸಿಯುವುದು. ಇದಕ್ಕೆ ಸ್ಟಾಲ್ ಎಂದು ಹೆಸರು. ಸ್ಟಾಲ್ ಎಂದರೆ ಎಂಜಿನ್ ನಿಲ್ಲುವುದೆಂದು ಹಲವರು ತಿಳಿದಿದ್ದಾರೆ, ಅದು ತಪ್ಪು. ಎಂಜಿನ್ ಪೂರ್ಣಶಕ್ತಿಯಿಂದ ನಡೆಯುತ್ತಿರುವಾಗಲೂ ರೆಕ್ಕೆ ಸ್ಟಾಲ್ ಆಗಬಹುದು. ಪರಿಹಾರ ಮನಸ್ಸಿನ ಸಹಜ ಪ್ರವೃತ್ತಿಗೆ ವಿರುದ್ಧವಾದುದು: ಬೀಳುತ್ತಿರುವಾಗ ಮೂತಿಯನ್ನು ಮೇಲೆತ್ತಬಾರದು, ಕೆಳಗಿಳಿಸಿ ಕೋನವನ್ನು ತಗ್ಗಿಸಬೇಕು. ಭಯವು ಹೇಳುವುದನ್ನು ಬಿಟ್ಟು ತಿಳಿವು ಹೇಳುವುದನ್ನು ಮಾಡುವುದೇ ವೈಮಾನಿಕ ಶಿಕ್ಷಣದ ಸಾರ.

ಈ ತಿಳಿವಿಗೆ ತೆತ್ತ ಬೆಲೆ ದೊಡ್ಡದು. ಜರ್ಮನಿಯ ಒಟ್ಟೋ ಲಿಲಿಯೆಂತಾಲ್ ಹಕ್ಕಿಗಳ ಹಾರಾಟವನ್ನು ಆಳವಾಗಿ ಅಭ್ಯಸಿಸಿ 1889ರಲ್ಲಿ ಗ್ರಂಥ ರಚಿಸಿದನು. 1891ರಿಂದ ತಾನೇ ಕಟ್ಟಿದ ಗ್ಲೈಡರುಗಳಲ್ಲಿ ಸುಮಾರು ಎರಡು ಸಾವಿರ ಬಾರಿ ತೇಲಿದನು. 1896ರ ಆಗಸ್ಟ್ 9ರಂದು ಅವನ ಗ್ಲೈಡರ್ ನಡುಗಾಳಿಯಲ್ಲಿ ಮೂತಿಯೆತ್ತಿ ಸ್ಟಾಲ್ ಆಗಿ ಸುಮಾರು 15 ಮೀಟರ್ ಎತ್ತರದಿಂದ ಬಿದ್ದಿತು. ಬೆನ್ನೆಲುಬು ಮುರಿದ ಅವನು ಮರುದಿನ ತೀರಿಕೊಂಡನು. ದೇಹದ ಭಾರವನ್ನು ಅತ್ತಿತ್ತ ಸರಿಸುವುದರ ಹೊರತು ಗ್ಲೈಡರನ್ನು ಹತೋಟಿಯಲ್ಲಿಡುವ ಸಾಕಷ್ಟು ಸಾಧನ ಅವನ ಬಳಿ ಇರಲಿಲ್ಲ.

ಹತೋಟಿಯ ಪಾಠ

ಲಿಲಿಯೆಂತಾಲನ ಮರಣವಾರ್ತೆಯನ್ನು ಓದಿ ಹಾರಾಟದ ಪ್ರಶ್ನೆಗೆ ಮರಳಿದವರಲ್ಲಿ ಅಮೆರಿಕದ ಡೇಟನ್ ಪಟ್ಟಣದ ವಿಲ್ಬರ್ ಮತ್ತು ಆರ್ವಿಲ್ ರೈಟ್ ಸೋದರರು ಮುಖ್ಯರು. ಅವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಬೈಸಿಕಲ್ ಅಂಗಡಿ ನಡೆಸಿ ಜೀವಿಸಿದವರು. 1878ರಲ್ಲಿ ತಂದೆಯು ತಂದುಕೊಟ್ಟ, ರಬ್ಬರಿನ ಎಳೆಯನ್ನು ತಿರುಚಿ ಬಿಟ್ಟರೆ ಮೇಲೆ ಹಾರುವ ಆಟಿಕೆಯೊಂದು ಅವರ ಆಸಕ್ತಿಗೆ ಮೊದಲ ಕಾರಣವಾಯಿತು. ಆಗ ಹಿರಿಯನಿಗೆ 11 ವರ್ಷ, ಕಿರಿಯನಿಗೆ 7 ವರ್ಷ. ಮಕ್ಕಳ ಕೈಗೆ ಕೊಟ್ಟ ಅಗ್ಗದ ವಸ್ತು ಎಷ್ಟು ದೂರ ಕೊಂಡೊಯ್ಯಬಲ್ಲುದೆಂಬುದಕ್ಕೆ ಇದೊಂದೇ ನಿದರ್ಶನ ಸಾಕು.

1901ರಲ್ಲಿ ಅವರ ಗ್ಲೈಡರ್ ಲೆಕ್ಕ ಹೇಳಿದಷ್ಟು ಭಾರವನ್ನು ಎತ್ತಲಿಲ್ಲ. ಸೋದರರು ಹಳೆಯ ಕೋಷ್ಟಕಗಳನ್ನೇ ಸಂದೇಹಿಸಿದರು. ತಾವೇ ಸಣ್ಣ ವಾಯುಸುರಂಗವನ್ನು ಕಟ್ಟಿ ಸುಮಾರು ಇನ್ನೂರು ಬಗೆಯ ರೆಕ್ಕೆಯ ಮಾದರಿಗಳನ್ನು ಪರೀಕ್ಷಿಸಿದರು. ಹದಿನೆಂಟನೆಯ ಶತಮಾನದಿಂದ ಎಲ್ಲರೂ ಬಳಸುತ್ತಿದ್ದ ಗಾಳಿಯ ಒತ್ತಡದ ಗುಣಾಂಕವೊಂದು 0.005 ಎಂದಿದ್ದುದು ನಿಜವಾಗಿ ಸುಮಾರು 0.0033 ಎಂದು ಕಂಡುಕೊಂಡರು. 1903ರ ಡಿಸೆಂಬರ್ 17ರಂದು ಅವರ ಯಂತ್ರ 12 ಸೆಕೆಂಡುಗಳಲ್ಲಿ 120 ಅಡಿ ಹಾರಿತು. ಅದೇ ದಿನದ ನಾಲ್ಕನೆಯ ಹಾರಾಟದಲ್ಲಿ 59 ಸೆಕೆಂಡುಗಳಲ್ಲಿ 852 ಅಡಿ ಸಾಗಿತು.

ಅವರ ಮುಖ್ಯ ಸಾಧನೆ ಎಂಜಿನ್ ಅಲ್ಲ, ಹತೋಟಿ. ವಿಮಾನ ಮೂರು ರೀತಿಯಲ್ಲಿ ತಿರುಗಬಲ್ಲುದು: ಮೂತಿ ಮೇಲೆ ಕೆಳಗಾಗುವುದು, ಎಡಬಲಕ್ಕೆ ಹೊರಳುವುದು, ಒಂದು ರೆಕ್ಕೆ ತಗ್ಗಿ ಇನ್ನೊಂದು ಏಳುವುದು. ಇಂದಿನ ವಿಮಾನಗಳಲ್ಲಿ ಇವನ್ನು ಕ್ರಮವಾಗಿ ಎಲಿವೇಟರ್, ರಡ್ಡರ್, ಏಲೆರಾನ್ ಎಂಬ ಮಡಿಕೆಗಳಿಂದ ನಿಯಂತ್ರಿಸುವರು. ಕಾಗದದ ವಿಮಾನದ ಹಿಂಬದಿಯ ಅಂಚನ್ನು ಕತ್ತರಿಸಿ ಮೇಲಕ್ಕೋ ಕೆಳಕ್ಕೋ ಮಡಿಸಿದರೆ ಈ ಮೂರನ್ನೂ ತರಗತಿಯಲ್ಲಿಯೇ ಕಾಣಬಹುದು. ಮೂತಿಗೆ ಕಾಗದದ ಕ್ಲಿಪ್ ಸಿಕ್ಕಿಸಿ, ಅದನ್ನು ಹಿಂದೆ ಮುಂದೆ ಸರಿಸಿದರೆ ಗುರುತ್ವಕೇಂದ್ರದ ಸ್ಥಾನ ಎಷ್ಟು ಮುಖ್ಯವೆಂಬುದು ತಿಳಿಯುವುದು.

ಆಷಾಢದ ಗಾಳಿಯಲ್ಲಿ ಪಟ ಹಾರಿಸುವ ಮಕ್ಕಳು ಈ ಪಾಠದ ಅರ್ಧವನ್ನು ಆಗಲೇ ಬಲ್ಲರು. ಪಟದ ಸೂತ್ರವನ್ನು ಕಟ್ಟುವ ಜಾಗ ಬದಲಾದರೆ ಗಾಳಿಗೆ ಒಡ್ಡುವ ಕೋನ ಬದಲಾಗುವುದು. ಬಾಲಂಗೋಚಿ ಗಿಡ್ಡವಾದರೆ ಪಟ ಗಿರಕಿ ಹೊಡೆಯುವುದು. ಕೈ ಬಲ್ಲದ್ದಕ್ಕೆ ಹೆಸರು ಕೊಡುವುದಷ್ಟೇ ಅಧ್ಯಾಪಕರ ಕೆಲಸ.

ಅಳತೆಯ ಶಿಸ್ತು

ಮಾನಗಳ ಪರಿವರ್ತನೆಯ ಲೆಕ್ಕವನ್ನು ವಿದ್ಯಾರ್ಥಿಗಳು ಬೇಸರದಿಂದ ಮಾಡುವುದುಂಟು. ಅವರಿಗೆ 1983ರ ಜುಲೈ 23ರ ಘಟನೆಯನ್ನು ಹೇಳಬೇಕು. ಏರ್ ಕೆನಡಾ ಸಂಸ್ಥೆಯ ಬೋಯಿಂಗ್ 767 ವಿಮಾನ ಮಾಂಟ್ರಿಯಲ್‌ನಿಂದ ಎಡ್ಮಂಟನ್ನಿಗೆ ಹೊರಡಬೇಕಿತ್ತು. ಇಂಧನಸೂಚಕಗಳು ಕೆಟ್ಟಿದ್ದುದರಿಂದ ತೊಟ್ಟಿಗೆ ಕೋಲಿಳಿಸಿ ಅಳೆದರು. 7,682 ಲೀಟರ್ ಉಳಿದಿತ್ತು. ಪ್ರಯಾಣಕ್ಕೆ 22,300 ಕಿಲೋಗ್ರಾಂ ಬೇಕಿತ್ತು. ಲೀಟರನ್ನು ಕಿಲೋಗ್ರಾಮಿಗೆ ತಿರುಗಿಸಲು ಸುಮಾರು 0.8ರಿಂದ ಗುಣಿಸಬೇಕು. ಆದರೆ ಲೆಕ್ಕದಲ್ಲಿ 1.77ರಿಂದ ಗುಣಿಸಲಾಯಿತು; ಅದು ಒಂದು ಲೀಟರ್ ಇಂಧನದ ಪೌಂಡುಗಳ ಲೆಕ್ಕ. ಪರಿಣಾಮವಾಗಿ ಸುಮಾರು ಇಪ್ಪತ್ತು ಸಾವಿರ ಲೀಟರ್ ತುಂಬಬೇಕಾದಲ್ಲಿ ಐದು ಸಾವಿರ ಲೀಟರಿಗಿಂತ ಕಡಿಮೆ ತುಂಬಲಾಯಿತು. ಅರ್ಧ ದಾರಿಯಲ್ಲಿ, 41,000 ಅಡಿ ಎತ್ತರದಲ್ಲಿ ಇಂಧನ ತೀರಿ ಎರಡು ಎಂಜಿನ್ನುಗಳೂ ನಿಂತವು.

ವಿಮಾನ ಕಲ್ಲಿನಂತೆ ಬೀಳಲಿಲ್ಲ. ರೆಕ್ಕೆಯ ಕೆಲಸಕ್ಕೆ ವೇಗ ಬೇಕು. ಎಂಜಿನ್ ಕೊಡದಿದ್ದಲ್ಲಿ ಎತ್ತರವನ್ನು ವ್ಯಯಿಸಿ ಆ ವೇಗವನ್ನು ಪಡೆಯಬಹುದು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಗ್ಲೈಡರ್ ಹಾರಿಸಿ ಪಳಗಿದವರು. ಸಹಚಾಲಕ ಮಾರಿಸ್ ಕ್ವಿಂಟಲ್ ಕ್ಷಣಕ್ಷಣಕ್ಕೆ ಎತ್ತರ ಮತ್ತು ದೂರಗಳ ಅನುಪಾತವನ್ನು ಲೆಕ್ಕಹಾಕಿದರು. ವಿಮಾನ ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಯಿತು. ಒಳಗಿದ್ದ 69 ಜನರೂ ಬದುಕುಳಿದರು. ತಪ್ಪು ಗುಣಾಕಾರ ಅವರನ್ನು ಅಪಾಯಕ್ಕೆ ತಳ್ಳಿತು. ಸರಿಯಾದ ಅನುಪಾತ ಮತ್ತು ಗ್ಲೈಡರಿನ ಅಭ್ಯಾಸ ಕಾಪಾಡಿದವು. ಪ್ರೌಢಶಾಲೆಯ ಗಣಿತದ ಮಹತ್ವವನ್ನು ಇದಕ್ಕಿಂತ ಸ್ಪಷ್ಟವಾಗಿ ಸಾರುವ ದೃಷ್ಟಾಂತ ದೊರೆಯುವುದು ಕಷ್ಟ.

ಗೌರವ ಮತ್ತು ಪರೀಕ್ಷೆ

ವಿಮಾನದ ಪಾಠ ಬಂದೊಡನೆ ಪುಷ್ಪಕದ ಮಾತೂ ಬರುವುದು ಸಹಜ. ಪುರಾಣದ ವಿಮಾನಗಳು ಮಾನವನ ಹಂಬಲದ, ಕವಿಕಲ್ಪನೆಯ ಸಾಕ್ಷಿಗಳು. ಅವನ್ನು ಆ ಗೌರವದಿಂದಲೇ ಓದಬೇಕು. ಆದರೆ ಯಂತ್ರಶಾಸ್ತ್ರವೆಂದು ಹೇಳಿಕೊಳ್ಳುವ ಗ್ರಂಥವನ್ನು ಶಾಸ್ತ್ರದ ಒರೆಗಲ್ಲಿಗೇ ಹಚ್ಚಬೇಕು. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ 'ವೈಮಾನಿಕ ಶಾಸ್ತ್ರ'ವು 1973ರಲ್ಲಿ ಮೈಸೂರಿನ ಜಿ. ಆರ್. ಜೋಸ್ಯರ್ ಅವರ ಇಂಗ್ಲಿಷ್ ಅನುವಾದದೊಡನೆ ಪ್ರಕಟವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ ಮೊದಲಾದ ಐವರು ವಿದ್ವಾಂಸರು ಅದನ್ನು ಅಸಡ್ಡೆ ಮಾಡಲೂ ಇಲ್ಲ, ಸುಮ್ಮನೆ ಹೊಗಳಲೂ ಇಲ್ಲ. ಭಾಷೆ, ಚಿತ್ರ, ಲೆಕ್ಕಗಳನ್ನು ಪರಿಶೀಲಿಸಿ 1974ರಲ್ಲಿ ವರದಿ ಪ್ರಕಟಿಸಿದರು. ಗ್ರಂಥವು ಇಪ್ಪತ್ತನೆಯ ಶತಮಾನದ ಆರಂಭಕ್ಕಿಂತ ಹಿಂದಿನದಲ್ಲವೆಂದೂ, ಅದರಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವೆಂದೂ ಅವರು ನಿರ್ಣಯಿಸಿದರು. ಪೂರ್ವಿಕರ ಕೀರ್ತಿಗೆ ಇದರಿಂದ ಕುಂದಿಲ್ಲ. ಶೂನ್ಯವನ್ನೂ ದಶಮಾನವನ್ನೂ ಜಗತ್ತಿಗೆ ಕೊಟ್ಟ ನಾಡಿಗೆ ಇಲ್ಲದ ಬಿರುದಿನ ಅಗತ್ಯವಿಲ್ಲ. ತಮ್ಮವರ ಗ್ರಂಥವನ್ನೂ ಪರೀಕ್ಷಿಸಿಯೇ ಒಪ್ಪುವ ಧೈರ್ಯವನ್ನು ವಿದ್ಯಾರ್ಥಿಗಳು ಈ ವರದಿಯಿಂದ ಕಲಿಯಬಹುದು.

ಕನ್ನಡ ನಾಡಿನ ಪರಂಪರೆ

ವಿಮಾನವಿದ್ಯೆ ಕನ್ನಡ ನಾಡಿಗೆ ಹೊರಗಿನದಲ್ಲ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಯೋಗದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗ ಆರಂಭವಾಯಿತು. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿಯೂ, ಮಾರುತ ಯುದ್ಧವಿಮಾನ 1961ರ ಜೂನ್ 17ರಂದೂ ಬೆಂಗಳೂರಿನ ಆಕಾಶದಲ್ಲಿ ಮೊದಲು ಹಾರಿದವು. ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ಎರಡು ಆಸನಗಳ 'ಹಂಸ' 1993ರಲ್ಲಿಯೂ, ಹಗುರ ಯುದ್ಧವಿಮಾನ ತೇಜಸ್ 2001ರ ಜನವರಿ 4ರಂದೂ ಹಾರಿದವು. ಇವುಗಳ ಹಿಂದೆ ವಿನ್ಯಾಸಕಾರರು ಮಾತ್ರವಲ್ಲ, ಲೋಹ ಕತ್ತರಿಸಿದವರು, ರಿವೆಟ್ ಹೊಡೆದವರು, ನಕ್ಷೆ ಬರೆದವರು ಸಾವಿರಾರು ಮಂದಿ ಇದ್ದಾರೆ. ವಿಮಾನವಿದ್ಯೆ ಎಂದರೆ ಚಾಲಕನ ಆಸನವೊಂದೇ ಅಲ್ಲ.

ಶಾಲೆಗಳು ಮಾಡಬಹುದಾದದ್ದು

ಈ ಪಾಠಗಳಿಗೆ ದೊಡ್ಡ ವೆಚ್ಚ ಬೇಕಿಲ್ಲ. ಒಂದು ಮೇಜು ಫ್ಯಾನು, ಗ್ರಾಂ ಅಳೆಯುವ ತಕ್ಕಡಿ, ರಟ್ಟು, ಅಳತೆಪಟ್ಟಿ, ನಿಲ್ಲುಗಡಿಯಾರ ಇವಿಷ್ಟಿದ್ದರೆ ಸಾಕು. ರಟ್ಟಿನ ರೆಕ್ಕೆಯನ್ನು ಕಡ್ಡಿಯ ಮೇಲೆ ನಿಲ್ಲಿಸಿ ತಕ್ಕಡಿಯ ಮೇಲಿಟ್ಟು ಫ್ಯಾನಿನ ಗಾಳಿ ಬಿಟ್ಟರೆ ತೋರುವ ತೂಕ ಇಳಿಯುವುದು, ಇಳಿದಷ್ಟೇ ಎತ್ತುಬಲ. ಕೋನವನ್ನು ಐದೈದು ಡಿಗ್ರಿಯಂತೆ ಹೆಚ್ಚಿಸಿ ಬರೆದಿಟ್ಟರೆ ಒಂದು ಹಂತದ ಆಚೆ ಹೆಚ್ಚಳ ನಿಲ್ಲುವುದನ್ನು ಮಕ್ಕಳೇ ಕಾಣುವರು. ಕಾಗದದ ಗ್ಲೈಡರನ್ನು ಎರಡು ಮೀಟರ್ ಎತ್ತರದಿಂದ ಬಿಟ್ಟು, ಅದು ಸಾಗಿದ ದೂರವನ್ನು ಎತ್ತರದಿಂದ ಭಾಗಿಸಿ, ಹತ್ತು ಬಾರಿಯ ಸರಾಸರಿ ತೆಗೆಯಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಇದು ರೈಟ್ ಸೋದರರ ವಿಧಾನವೇ. 1950ರಲ್ಲಿ ಆರಂಭವಾದ ಎನ್.ಸಿ.ಸಿ. ವಾಯುದಳದ ಶಾಖೆಯಿರುವೆಡೆ ಮಾದರಿ ವಿಮಾನಗಳ ನಿರ್ಮಾಣಕ್ಕೂ ಅವಕಾಶವುಂಟು. ದಾನಿಗಳ ಅಲ್ಪ ನೆರವಿನಿಂದ ಪ್ರತಿ ಪ್ರೌಢಶಾಲೆಯಲ್ಲಿಯೂ ಇಂತಹ ಒಂದು ಮೇಜನ್ನು ಸಜ್ಜುಗೊಳಿಸಬಹುದು. ಹಳೆಯ ವಿದ್ಯಾರ್ಥಿಗಳಲ್ಲಿ ಈ ಕ್ಷೇತ್ರದಲ್ಲಿರುವವರು ವರ್ಷಕ್ಕೊಂದು ದಿನ ಬಂದು ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಬಹುದು.

ಉಪಕರಣಗಳಿಗಿಂತ ಮುಖ್ಯವಾದುದು ಅಧ್ಯಾಪಕರ ಮನಸ್ಸು. ರಾಮೇಶ್ವರದ ಶಾಲೆಯಲ್ಲಿ ಶಿವಸುಬ್ರಹ್ಮಣ್ಯ ಅಯ್ಯರ್ ಎಂಬ ಅಧ್ಯಾಪಕರು ಹಕ್ಕಿ ಹೇಗೆ ಹಾರುವುದೆಂದು ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದರು. ಅರ್ಥವಾಗಲಿಲ್ಲವೆಂದು ಮಕ್ಕಳು ಹೇಳಿದಾಗ ಬೇಸರಿಸದೆ ಅವರನ್ನು ಕಡಲದಂಡೆಗೆ ಕರೆದೊಯ್ದು ಹಾರುವ ಹಕ್ಕಿಗಳನ್ನೇ ತೋರಿಸಿದರು. ಆ ಐದನೆಯ ತರಗತಿಯಲ್ಲಿ ಕುಳಿತಿದ್ದ ಬಾಲಕ ಮುಂದೆ ಮದ್ರಾಸಿನಲ್ಲಿ ವಿಮಾನ ಎಂಜಿನಿಯರಿಂಗ್ ಓದಿ, ದೇಶದ ರಾಷ್ಟ್ರಪತಿಯೂ ಆದ ಎ. ಪಿ. ಜೆ. ಅಬ್ದುಲ್ ಕಲಾಂ. ತಮ್ಮ ಬದುಕಿಗೆ ಗುರಿ ದೊರೆತದ್ದು ಆ ಪಾಠದಿಂದಲೇ ಎಂದು ಅವರು ಅನೇಕ ಸಭೆಗಳಲ್ಲಿ ಸ್ಮರಿಸಿದ್ದಾರೆ.

ಎಲ್ಲ ಮಕ್ಕಳೂ ವಿಮಾನ ನಡೆಸುವವರಾಗರು, ಆಗಬೇಕಾಗಿಯೂ ಇಲ್ಲ. ಆದರೆ ಕಂಡದ್ದನ್ನು ಪ್ರಶ್ನಿಸುವುದು, ಅಳೆದು ನೋಡುವುದು, ಅಳತೆ ತಪ್ಪಿದಲ್ಲಿ ತಿದ್ದಿಕೊಳ್ಳುವುದು ಎಲ್ಲರಿಗೂ ಬೇಕಾದ ವಿದ್ಯೆ. ಪ್ರೌಢಶಾಲೆಯ ಕೋಣೆಯಲ್ಲಿ ಆ ವಿದ್ಯೆಯನ್ನು ಕಲಿಸಲು ಒಂದು ಹಾಳೆ ಕಾಗದವೂ ಕಿಟಕಿಯಿಂದ ಬರುವ ಗಾಳಿಯೂ ಸಾಕು.